ಡಿಸೆಂಟಿಂಗ್: ಎಲ್ಲಿ ಬಳಸಬೇಕು, ಎಲ್ಲಿ ಬೇಡ

ನೋಟು ರದ್ದತಿಯ ತೀರ್ಪು ಬಂದಿದ್ದು 2023ರ ಜನವರಿ 2ರಂದು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕೇಂದ್ರದ ಕ್ರಮ ಸರಿ ಎಂದರು. ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಒಬ್ಬರೇ ಒಪ್ಪದೆ ಬೇರೆ ತೀರ್ಪು ಬರೆದರು. ಅದು 'ಡಿಸೆಂಟಿಂಗ್ ಜಡ್ಜ್‌ಮೆಂಟ್'. ಕನ್ನಡದಲ್ಲಿ ಭಿನ್ನ ತೀರ್ಪು.

'ಡಿಸೆಂಟಿಂಗ್' ಅನ್ನುವ ಈ ಇಂಗ್ಲಿಷ್ ಪದ ಬಳಸಬೇಕಾದರೆ ಎರಡು ವಿಷಯ ಇರಬೇಕು. ಹೆಚ್ಚಿನವರ ನಿಲುವೋ ಅಧಿಕೃತ ನಿಲುವೋ ಒಂದಿರಬೇಕು, ಅದನ್ನು ಒಪ್ಪುವುದಿಲ್ಲ ಅಂತ ಯಾರೋ ಬಾಯಿಬಿಟ್ಟು ಹೇಳಿರಬೇಕು. ಮನಸ್ಸಲ್ಲೇ ಗೊಣಗಿಕೊಂಡರೆ ಲೆಕ್ಕಕ್ಕಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ಗಂಡ, ಇಲ್ಲ ಅಂತ ಹೆಂಡತಿ ವಾದ ಮಾಡಿದರೆ ಇಬ್ಬರಲ್ಲಿ ಯಾರದ್ದೂ ಡಿಸೆಂಟಿಂಗ್ ಅಲ್ಲ. ಕರ್ನಾಟಕದ ಹಿಜಾಬ್ ಪ್ರಕರಣದಲ್ಲೂ ಹೀಗೇ ಆಯಿತು ನೋಡಿ, 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದೊಂದು ಕಡೆ ನಿಂತರು, ಬಹುಮತವೇ ಇಲ್ಲ, ಹಾಗಾಗಿ ಅದು 'ಸ್ಪ್ಲಿಟ್ ವರ್ಡಿಕ್ಟ್' ಆಯಿತು.

ಪದ ಕೂರುವುದು ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲೇ: ಡಿಸೆಂಟಿಂಗ್ ಒಪಿನಿಯನ್, ಡಿಸೆಂಟಿಂಗ್ ವಾಯ್ಸ್, ಡಿಸೆಂಟಿಂಗ್ ವೋಟ್. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ನಿರ್ವಹಣಾ ಶುಲ್ಕ ಏರಿಸಲು ಎಲ್ಲರೂ ಕೈಯೆತ್ತಿ, ಒಬ್ಬರು ಮಾತ್ರ ಬೇಡ ಎಂದರೆ ನಡಾವಳಿಯಲ್ಲಿ 'ದೇರ್ ವಾಸ್ ಒನ್ ಡಿಸೆಂಟಿಂಗ್ ವೋಟ್' ಅಂತ ಬರೆಯಿರಿ, ಸಾಕು. ಆ ವ್ಯಕ್ತಿಯ ಬಗ್ಗೆಯೇ ಹೇಳುವುದಾದರೆ 'ಹಿ ಡಿಸೆಂಟೆಡ್' ಚೆನ್ನಾಗಿರುತ್ತದೆ. ಯಾವುದಕ್ಕೆ ಅಂತ ಸೇರಿಸುವಾಗ 'ಟು' ಅಲ್ಲ, 'ಫ್ರಮ್': 'ಹಿ ಡಿಸೆಂಟೆಡ್ ಫ್ರಮ್ ದ ಡಿಸಿಷನ್'.

ಪದಕ್ಕೆ ಸಿಟ್ಟಿನ ಬಣ್ಣ ಇಲ್ಲ. ತುರ್ತು ಪರಿಸ್ಥಿತಿ ಕಾಲದಲ್ಲಿ, 1976ರ ಜಬಲ್ಪುರ ಪ್ರಕರಣದಲ್ಲಿ (ವಿಚಾರಣೆಯಿಲ್ಲದೆ ಬಂಧಿತರಾದವರು ಬಿಡುಗಡೆ ಕೇಳಿ ಕೋರ್ಟಿಗೆ ಹೋಗಬಹುದೇ ಎಂಬ ಪ್ರಕರಣ) ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಚ್.ಆರ್. ಖನ್ನಾ ನಾಲ್ವರ ಎದುರು ಒಬ್ಬರೇ ನಿಂತು ಬರೆದದ್ದೂ ಡಿಸೆಂಟಿಂಗ್ ಜಡ್ಜ್‌ಮೆಂಟೇ. ಮರುವರ್ಷ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕಿರಿಯರೊಬ್ಬರಿಗೆ ಹೋಯಿತು, ಇವರು ರಾಜೀನಾಮೆ ಕೊಟ್ಟರು. ಆ ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟೇ ತಳ್ಳಿಹಾಕಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಮ್ಮ ಪೇಪರ್‌ಗಳಲ್ಲಿ ಬರುವ 'ಭಿನ್ನಮತೀಯ ಶಾಸಕರು' ಇದ್ದಾರಲ್ಲ, ಅವರಿಗೆ ಇಂಗ್ಲಿಷಿನಲ್ಲಿ 'ಡಿಸಿಡೆಂಟ್' ಸರಿಹೋಗುತ್ತದೆ. ಅದು ಪಕ್ಷದ, ಸರ್ಕಾರದ ವಿರುದ್ಧವೇ ತಿರುಗಿಬಿದ್ದವರ ಪದ.

ಇನ್ನು ಸ್ಪೆಲ್ಲಿಂಗ್. ಶುರುವಿನ 'ಡಿ, ಐ' ಆದ ಮೇಲೆ ಎರಡು ಎಸ್. ಮಾತಾಡುವಾಗ ಒತ್ತು 'ಸೆಂಟ್' ಮೇಲೆ. ಮೊದಲ ಅಕ್ಷರ ಎಳೆದು 'ಡೀಸೆಂಟ್ ಜಡ್ಜ್‌ಮೆಂಟ್' ಅಂದರೆ ತೀರ್ಪು ಪರವಾಗಿಲ್ಲ, ಚೆನ್ನಾಗಿದೆ ಅಂತ ನೀವೇ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತದೆ.