ಬೆನ್ನಿಗೆ ಜೋರಾಗಿ ಒಂದು ಖೋ

ನಾನು ಹೈಸ್ಕೂಲಿನ ಪಿ.ಟಿ. ಟೀಚರ್. ಎಂಟನೇ ಕ್ಲಾಸಿನಲ್ಲಿ ಕಿವಿಗೆ ಮಷೀನು ಹಾಕಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಆಟದ ಪೀರಿಯಡ್‌ನಲ್ಲಿ ಬೇವಿನ ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದಳು. ಅದು ತಪ್ಪು ಅಂತ ನನಗೆ ಗೊತ್ತಾಗಲು ಒಂದು ಟರ್ಮ್ ಬೇಕಾಯಿತು. ನಿಮ್ಮ ಶಾಲೆಯಲ್ಲೂ ಇಂಥ ಮಗು ಇದ್ದರೆ ಹೀಗೆ ಮಾಡಿ ನೋಡಿ.

ಮೊದಲು ವಿಸಲ್ ಊದೋದನ್ನು ನಿಲ್ಲಿಸಿ, ಬಾವುಟ ಹಿಡಿಯಿರಿ. ಕೆಂಪು ಬಾವುಟ ಎತ್ತಿದರೆ ಎಲ್ಲರೂ ನಿಲ್ಲಬೇಕು, ಇಳಿಸಿದರೆ ಓಡಬೇಕು. ಅವಳೊಬ್ಬಳಿಗೆ ಅಲ್ಲ, ಇಡೀ ಕ್ಲಾಸಿಗೆ. 1924ರಲ್ಲಿ ಶುರುವಾದ, ಕಿವಿ ಕೇಳದವರ ಅಂತಾರಾಷ್ಟ್ರೀಯ ಕ್ರೀಡಾಕೂಟ ಡೆಫ್‌ಲಿಂಪಿಕ್ಸ್‌ನಲ್ಲೂ ಈಗ ಓಟಕ್ಕೆ ದೀಪದ ಸಿಗ್ನಲ್ ಇರುತ್ತದೆ. ನಿಯಮ ಹೇಳುವಾಗ ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಮಗುವಿನ ಕಣ್ಣಿಗಲ್ಲ. ತುಟಿ ಕಾಣಬೇಕಲ್ವಾ?

ಒಳಕಿವಿಗೂ ಮೈಯ ಬ್ಯಾಲೆನ್ಸಿಗೂ ನಂಟಿದೆ. ಹಾಗಾಗಿ ಇಂಥ ಕೆಲವು ಮಕ್ಕಳು ಬೇಗ ತೂರಾಡುತ್ತಾರೆ. ಅದನ್ನು ಸೋಮಾರಿತನ ಅನ್ನಬೇಡಿ. ಕುಂಟೆಬಿಲ್ಲೆಯಿಂದ ಶುರು ಮಾಡಿ, ದಿನಾ ಹತ್ತು ನಿಮಿಷ ಸಾಕು.

ಆಮೇಲೆ ಖೋಖೋ. ಈ ಆಟ ನನಗೆ ತುಂಬಾ ಇಷ್ಟ, ಯಾಕೆಂದರೆ ಖೋ ಬೆನ್ನಿಗೆ ಬೀಳುತ್ತದೆ. ಮೊದಲ ದಿನ ಗೆಳತಿ ಮೆಲ್ಲಗೆ ಮುಟ್ಟಿದಳು. ಇವಳಿಗೆ ಅನುಮಾನ, ಎದ್ದೇಳದೆ ತಿರುಗಿ ನೋಡಿದಳು. ಅಷ್ಟರಲ್ಲಿ ಓಡುತ್ತಿದ್ದವಳು ಕಂಬ ದಾಟಿದ್ದಳು. ಅಂಗೈ ಪೂರ್ತಿ ತಾಗುವ ಹಾಗೆ ತಟ್ಟೋದನ್ನು ಎಲ್ಲರಿಗೂ ಅಭ್ಯಾಸ ಮಾಡಿಸಿದೆ. ಆದರೆ ಅವಳೂ ಬೇರೆಯವರಿಗೆ ಖೋ ಕೊಡಬೇಕು, ಬಾಯಿ ಬಿಟ್ಟು ಹೇಳಬೇಕು. ತನ್ನ ದನಿ ಅಂದರೆ ಅವಳಿಗೆ ನಾಚಿಕೆ. ಮೊದಲು ಬರೀ ತುಟಿ ಆಡಿತು. ಒತ್ತಾಯ ಮಾಡಲಿಲ್ಲ. ಮೂರನೇ ವಾರ ಆಟದ ಬಿಸಿಯಲ್ಲಿ ಎಷ್ಟು ಜೋರಾಗಿ ಕೂಗಿದಳು ಅಂದರೆ ಸ್ಟಾಫ್ ರೂಮಿನಿಂದ ಇಣುಕಿ ನೋಡಿದರು. ಮಕ್ಕಳು ಯಾರೂ ನಗಲಿಲ್ಲ, ಅವರಿಗೆ ಪಾಯಿಂಟ್ ಮುಖ್ಯವಾಗಿತ್ತು.

ಮಷೀನಿಗೆ ಬೆವರು ಆಗದು. ಆಟ ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಬೀಳದಂತೆ ದಾರದ ಕ್ಲಿಪ್ ಹಾಕಿಸಿ. ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ತಲೆಗೆ ಪೆಟ್ಟು ಬೀಳಬಹುದಾದ ಕಬಡ್ಡಿಯಂಥ ಆಟಕ್ಕೆ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಇನ್ನೊಂದು ಮಾತು. ಪಾಪ ಅಂತ ರಿಯಾಯಿತಿ ಕೊಡಬೇಡಿ. ಔಟ್ ಅಂದರೆ ಔಟ್. ಹೋದ ವಾರ ಔಟ್ ಕೊಟ್ಟಿದ್ದಕ್ಕೆ ಅವಳು ನೇರ ನನ್ನ ಹತ್ತಿರ ಬಂದಳು. ಭುಜ ತೋರಿಸಿ, ಕೈ ಅಲ್ಲಾಡಿಸಿ, "ಮುಟ್ಟಿಲ್ಲ ಮಿಸ್, ಮುಟ್ಟಿಲ್ಲ" ಅಂತ ವಾದ ಮಾಡಿದಳು. ಹಿಂದೆ ಅವಳ ಟೀಮಿನವರೆಲ್ಲ ನಿಂತಿದ್ದರು. ಮುಟ್ಟೋಕೆ ಹೋದ ಹುಡುಗಿಯನ್ನು ಕೇಳಿದೆ. ಮುಟ್ಟಿಲ್ಲ ಅಂತ ಒಪ್ಪಿಕೊಂಡಳು. ಮತ್ತೆ ಆಡಿಸಿದೆ.