ಮೊದಲ ಹಾಡು, ಮೊದಲ ವಿಡಿಯೊ: ಮಲೆನಾಡಿನ ಬ್ಯಾಂಡುಗಳಿಗೊಂದು ಕೈಪಿಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಕಾಲೇಜು ಗೆಳೆಯರು ಕಟ್ಟಿಕೊಂಡ ಬ್ಯಾಂಡೊಂದು ತನ್ನ ಮೊದಲ ಸ್ವಂತ ಹಾಡನ್ನು ಹೊರತರಲು ಹೊರಟಾಗ, ಮೊದಲು ನಡೆಯುವ ಚರ್ಚೆ ಸಾಮಾನ್ಯವಾಗಿ ವಿಡಿಯೊವನ್ನು ಎಲ್ಲಿ ಚಿತ್ರೀಕರಿಸಬೇಕು ಎಂಬುದೇ ಆಗಿರುತ್ತದೆ. ಜೋಗವೋ, ಆಗುಂಬೆಯೋ, ಕೊಡಚಾದ್ರಿಯೋ ಎಂದು ತೀರ್ಮಾನವಾಗುವಷ್ಟರಲ್ಲಿ ಕೂಡಿಹಾಕಿದ ಹಣದ ಬಹುಪಾಲು ಡ್ರೋನಿಗೂ ಗಾಡಿ ಬಾಡಿಗೆಗೂ ಹಂಚಿಹೋಗಿ, ಹಾಡಿನ ಮಿಕ್ಸಿಂಗಿಗೆ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ) ಚಿಲ್ಲರೆ ಉಳಿದಿರುತ್ತದೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಅಂತಿಮ ಮಾಸ್ಟರ್, ಅಂದರೆ ಕೊನೆಯ ಹದ ಕೊಟ್ಟು ಬಿಡುಗಡೆಗೆ ಸಿದ್ಧಪಡಿಸಿದ ಹಾಡು, ಕೈಗೆ ಬರುವವರೆಗೆ ಕ್ಯಾಮೆರಾ ಬಾಡಿಗೆಗೆ ತರಬಾರದು; ಚಿತ್ರೀಕರಣ ಮುಗಿದ ಮೇಲೆ ಹಾಡಿನ ವೇಗ ಕೊಂಚ ಬದಲಾದರೂ ತುಟಿಯ ಚಲನೆ ಕೂಡುವುದಿಲ್ಲ.

ಧ್ವನಿಮುದ್ರಣಕ್ಕೂ ಮೊದಲು ಸಾಹಿತ್ಯದ ಹಕ್ಕನ್ನು ಇತ್ಯರ್ಥಪಡಿಸಿಕೊಳ್ಳಿ. ನಮ್ಮ ಭಾಗದ ಬ್ಯಾಂಡುಗಳಿಗೆ ಭಾವಗೀತೆಯ ಸೆಳೆತ ಹೆಚ್ಚು. ಕವಿತೆ ಪಠ್ಯಪುಸ್ತಕದಲ್ಲಿ ಬಂದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. ಕುವೆಂಪು ಅವರು 1994ರಲ್ಲಿ ನಿಧನರಾದ್ದರಿಂದ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. 2013ರಲ್ಲಿ ನಿಧನರಾದ ಜಿ. ಎಸ್. ಶಿವರುದ್ರಪ್ಪನವರದು 2073ರವರೆಗೆ. ಆದ್ದರಿಂದ ಹಕ್ಕುದಾರರಿಂದ ಲಿಖಿತ ಅನುಮತಿ ಬೇಕು. ಸಾಹಿತ್ಯ ಸ್ವಂತದ್ದಾದರೆ, ಪದ ಯಾರದು, ರಾಗಸಂಯೋಜನೆ ಯಾರದು, ಬಂದ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿಡಿ. ಗೆಳೆತನದಲ್ಲಿ ಇಂಥದ್ದೆಲ್ಲ ಏಕೆ ಎನ್ನುವವರು ಪ್ರತಿ ಬ್ಯಾಂಡಿನಲ್ಲೂ ಇರುತ್ತಾರೆ. ಆ ಸಹಿಯನ್ನು ಮೊದಲು ಅವರಿಂದಲೇ ಹಾಕಿಸುವುದು ಒಳ್ಳೆಯದು.

ಮನೆಯಲ್ಲೇ ಧ್ವನಿಮುದ್ರಣ ಮಾಡುವವರು ಮಲೆನಾಡಿನ ಪಂಚಾಂಗವನ್ನು ನೋಡಿಕೊಂಡು ದಿನ ಗೊತ್ತುಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮಾಡಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಶೀಟಿನ ಮೇಲೆ, ಬೀಳುವ ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಮಳೆ ನಿಂತು ಕೊಯ್ಲು ಶುರುವಾದರೆ ಅಡಿಕೆ ಸುಲಿಯುವ ಯಂತ್ರಗಳು ಊರೆಲ್ಲ ಸದ್ದು ಮಾಡುತ್ತವೆ. ಸುಗ್ಗಿ ಮುಗಿದ ಫೆಬ್ರುವರಿ ಮತ್ತು ಮಾರ್ಚ್ ತಿಂಗಳ ರಾತ್ರಿಗಳು ಹಾಡುಗಾರಿಕೆಗೆ ತಕ್ಕವು. ಹಾಸಿಗೆ, ಕಂಬಳಿಗಳನ್ನು ಪೇರಿಸಿಟ್ಟ ಒಳಕೋಣೆ ಕಡಿಮೆ ಖರ್ಚಿನಲ್ಲಿ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಕಂಡೆನ್ಸರ್ ಮೈಕನ್ನು ಕೆಲಸವಾದೊಡನೆ ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿ ಮುಚ್ಚಿಡಬೇಕು. ಇಲ್ಲಿನ ತೇವಕ್ಕೆ ಅದು ಚಟಪಟ ಸದ್ದು ಮಾಡತೊಡಗುತ್ತದೆ. ತಬಲಾ ಇದ್ದರೆ ಥಂಡಿಯಲ್ಲಿ ಚರ್ಮ ಸಡಿಲಗೊಂಡು ಶ್ರುತಿ ಇಳಿಯುವುದರಿಂದ ಪ್ರತಿ ಟೇಕಿಗೂ ಮುನ್ನ ಶ್ರುತಿ ನೋಡಿಕೊಳ್ಳಬೇಕು. ಧ್ವನಿಯನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ವಿಡಿಯೊಗೂ ಅದೇ ಸಾಕು. ಡ್ರಮ್ಸನ್ನು ಮಾತ್ರ ಮನೆಯಲ್ಲಿ ಮುದ್ರಿಸುವ ಹಟ ಬೇಡ; ಅದಕ್ಕೆ ಒಂದು ದಿನದ ಮಟ್ಟಿಗೆ ಬೆಂಗಳೂರಿನ ಅಥವಾ ಮಂಗಳೂರಿನ ಸ್ಟುಡಿಯೊ ಹಿಡಿಯುವುದು ಲಾಭ. ಮಾಸ್ಟರಿಂಗ್ ಮಾಡುವವರು ಹಾಡನ್ನು ಅತಿ ಜೋರು ಮಾಡಿಕೊಟ್ಟರೆ ಉಪಯೋಗವಿಲ್ಲ, ಏಕೆಂದರೆ ಯೂಟ್ಯೂಬ್ ಮತ್ತು ಸ್ಪಾಟಿಫೈ ಎರಡೂ ಅದನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಇಳಿಸಿಯೇ ಕೇಳಿಸುತ್ತವೆ.

ಇನ್ನು ವಿಡಿಯೊ. ಜಲಪಾತ, ಬೆಟ್ಟ, ಹಿನ್ನೀರು, ತೋಟ, ಹಳೆಯ ಕೋಟೆ ಎಲ್ಲವನ್ನೂ ನಾಲ್ಕು ನಿಮಿಷಕ್ಕೆ ತುರುಕಿದರೆ ಅದು ಪ್ರವಾಸೋದ್ಯಮದ ಜಾಹೀರಾತಾಗುತ್ತದೆ, ಬ್ಯಾಂಡು ಅದರಲ್ಲಿ ಕಾಣೆಯಾಗುತ್ತದೆ. ಕೇಳುಗರಿಗೆ ಇನ್ನೂ ನಿಮ್ಮ ಮುಖ ಪರಿಚಯವಿಲ್ಲ. ಮೊದಲ ವಿಡಿಯೊ ಮಾಡಬೇಕಾದ ಕೆಲಸ ಆ ಪರಿಚಯವೇ. ಹಾಗಾಗಿ ಒಂದೇ ಜಾಗವನ್ನು ಆರಿಸಿಕೊಳ್ಳಿ: ಒಂದು ಮನೆಯ ಜಗಲಿ ಮತ್ತು ಅಂಗಳ, ಇಲ್ಲವೇ ತಾಳಗುಪ್ಪದ ಕಡೆಯ ಒಂದು ರಸ್ತೆ. ಹಾಡಿಗೆ ಕಥೆಯಿದ್ದು ನಟರು ಬೇಕಾದರೆ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತು ಸುತ್ತಮುತ್ತ ನೆಲೆಸಿದವರನ್ನು ಕೇಳಬಹುದು, ಸಂಭಾವನೆ ಕೊಟ್ಟು.

ತುಟಿಚಲನೆಯ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಗಾಯಕರು ಸುಮ್ಮನೆ ಬಾಯಾಡಿಸದೆ ನಿಜವಾಗಿಯೂ ಗಟ್ಟಿಯಾಗಿ ಹಾಡಬೇಕು. ಕುತ್ತಿಗೆಯ ನರ ಬಿಗಿಯುವುದು, ಉಸಿರೆಳೆಯುವುದು ಕಾಣದಿದ್ದರೆ ನೋಡುವವರಿಗೆ ಅನುಮಾನ ಬರುತ್ತದೆ. ಮಳೆಗಾಲದ ಜೋಗದ ಎದುರು ನಿಂತರೆ 253 ಮೀಟರ್ ಎತ್ತರದಿಂದ ಬೀಳುವ ನೀರಿನ ಅಬ್ಬರದಲ್ಲಿ ಸ್ಪೀಕರ್ ಕೇಳಿಸುವುದಿಲ್ಲ. ಅಂಥ ಕಡೆ ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಹಾಡು ಒಂದು ಕ್ಷಣ ತಡವಾಗಿ ಕಿವಿಗೆ ಬೀಳುವುದರಿಂದ ತುಟಿಯೂ ತಡವಾಗುತ್ತದೆ. ತಂತಿಯ ಇಯರ್‌ಫೋನನ್ನು ಕೂದಲಿನಡಿ ಅಡಗಿಸುವುದೇ ಸರಿ. ಮಂಜು ಕಂಡರೆ ಸಾಕು, ಸ್ಲೋಮೋಷನ್ ಬೇಕೆನ್ನುವ ಛಾಯಾಗ್ರಾಹಕರು ಕಡಿಮೆಯಿಲ್ಲ. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ತೋರಿಸುವುದಾದರೆ ಚಿತ್ರೀಕರಣದ ವೇಳೆ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ, ಗಾಯಕರೂ ಅದೇ ವೇಗದಲ್ಲಿ ಹಾಡಬೇಕು. ನಿಮಿಷಕ್ಕೆ 90 ಬಡಿತದ ಹಾಡು 180ಕ್ಕೇರಿದಾಗ ಒತ್ತಕ್ಷರಗಳ ಸಾಲು ಬಾಯಿಗೆ ಬರುವುದಿಲ್ಲ. ಆದ್ದರಿಂದ ಉದ್ದ ಎಳೆತದ ಒಂದೆರಡು ಸಾಲುಗಳಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಮನೆಯೊಳಗೆ ಟ್ಯೂಬ್‌ಲೈಟಿನಡಿ ತೆಗೆಯುವಾಗ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50ರಲ್ಲಿರಲಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅದಕ್ಕೆ ಹೊಂದದ ವೇಗಗಳಲ್ಲಿ ಬೆಳಕು ಮಿನುಗುವ ಸಂಭವವಿದೆ.

ಅನುಮತಿಗಳು ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ಕಾಡಿನೊಳಗೆ ಅರಣ್ಯ ಇಲಾಖೆಯದು, ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಕಡೆ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ತೋಟದಲ್ಲಿ ಯಜಮಾನರದು. ಡ್ರೋನ್ ಹಾರಿಸುವ ಮುನ್ನ, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಬೇಕು. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಶಿವಮೊಗ್ಗದ ಆಸುಪಾಸಿನಲ್ಲಿ ಇದು ಮತ್ತಷ್ಟು ಮುಖ್ಯ. ಅಂಗಳದಲ್ಲಿ ಹರವಿದ ಅಡಿಕೆಯನ್ನು ಯಾವ ಶಾಟಿಗಾಗಿಯೂ ತುಳಿಯಬೇಡಿ. ಮಳೆಗಾಲದಲ್ಲಿ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಜೊತೆಗಿರಲಿ. ಬೇಸಿಗೆಯ ಕಾಡಿನಲ್ಲಿ ಉಣುಗು ಇನ್ನೂ ಅಪಾಯಕಾರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಮಂಗ ಸತ್ತ ಸುದ್ದಿಯಿರುವ ಕಡೆ ಚಿತ್ರೀಕರಣ ಬೇಡವೇ ಬೇಡ.

ಬಿಡುಗಡೆಯ ದಿನಕ್ಕೆ ನಾಲ್ಕು ವಾರ ಮೊದಲೇ, ಹಾಡನ್ನು ಸ್ಪಾಟಿಫೈನಂಥ ತಾಣಗಳಿಗೆ ತಲುಪಿಸುವ ವಿತರಣಾ ಸೇವೆಗೆ ಹಾಡಿನ ವೇವ್ ಕಡತವನ್ನೂ 3000 ಪಿಕ್ಸೆಲ್ ಚೌಕದ ಮುಖಚಿತ್ರವನ್ನೂ ಸೇರಿಸಿ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡನ್ನು ಕನಿಷ್ಠ 7 ದಿನ ಮುಂಚೆ ತಲುಪಿಸಬೇಕು. ಬ್ಯಾಂಡಿನ ಹೆಸರಿನ ಕಾಗುಣಿತ ಎಲ್ಲ ಕಡೆಯೂ ಒಂದೇ ಆಗಿರಲಿ. ಒಂದಕ್ಷರ ವ್ಯತ್ಯಾಸವಾದರೂ ಎರಡನೆಯ ಹಾಡು ಬೇರೆ ಕಲಾವಿದರ ಪುಟಕ್ಕೆ ಹೋಗಿ ಕೂರಬಹುದು. ಪದ ಬರೆದವರೂ ರಾಗ ಹಾಕಿದವರೂ, ರಾಯಧನ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡನ್ನು ನೋಂದಾಯಿಸಿಕೊಳ್ಳಲಿ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಈ ಇಬ್ಬರ ರಾಯಧನದ ಪಾಲನ್ನು ಯಾವ ಕಂಪನಿಯೂ ಒಪ್ಪಂದದಲ್ಲಿ ಬರೆಸಿಕೊಳ್ಳುವಂತಿಲ್ಲ. ಕೊನೆಯದಾಗಿ, ವಿತರಕರ ಮೂಲಕ ಕಂಟೆಂಟ್ ಐಡಿ (ನಿಮ್ಮ ಹಾಡನ್ನು ಬಳಸಿದ ವಿಡಿಯೊಗಳನ್ನು ಯೂಟ್ಯೂಬ್ ತಾನೇ ಗುರುತಿಸುವ ವ್ಯವಸ್ಥೆ) ಸೌಲಭ್ಯ ಪಡೆದಿದ್ದರೆ ನಿಮ್ಮ ಚಾನೆಲ್ಲಿನ ಹೆಸರನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಮುಂಚಿತವಾಗಿಯೇ ತಿಳಿಸಿ. ಇಲ್ಲದಿದ್ದರೆ ವಿಡಿಯೊ ಏರಿಸಿದ ದಿನವೇ ನಿಮ್ಮ ಹಾಡಿಗೆ ನಿಮ್ಮ ಮೇಲೆಯೇ ಹಕ್ಕಿನ ತಕರಾರು ಬರುತ್ತದೆ.