ಟೆರೇಸಿನ ಪೈಪಿಗೆ ಬಣ್ಣ: ಮೊದಲು ಉಜ್ಜಿ, ಆಮೇಲೆ ಬ್ರಷ್ ಹಿಡಿಯಿರಿ

ಬೆಂಗಳೂರಿನಲ್ಲಿ ತಣ್ಣನೆ ಗಾಳಿ ಬೀಸುತ್ತಿರುತ್ತದೆ, ಹಾಗಾಗಿ ಬಿಸಿಲನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಪ್ಲಾಸ್ಟಿಕ್ಕನ್ನು ಹಾಳು ಮಾಡುವ ನೇರಳಾತೀತ ಕಿರಣ ಇಲ್ಲಿ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಟ್ಯಾಂಕಿನಿಂದ ಇಳಿಯುವ ಪಿವಿಸಿ ಪೈಪು ಮೊದಲು ಮಾಸುತ್ತದೆ, ಆಮೇಲೆ ಪೆಡಸಾಗುತ್ತದೆ. ಕೊನೆಗೊಂದು ದಿನ ವಾಲ್ವ್ ತಿರುಗಿಸುವಾಗ ಪಟ್ ಅಂತ ಸೀಳುತ್ತದೆ. ಅದೂ ಭಾನುವಾರ, ಪ್ಲಂಬರ್ ಫೋನ್ ಎತ್ತದ ಹೊತ್ತಿಗೆ.

ಮೊದಲು ಪೈಪನ್ನು ಬೆರಳಿನಿಂದ ಒರೆಸಿ ನೋಡಿ. ಸುಣ್ಣದಂಥ ಪುಡಿ ಅಂಟಿದರೆ ಮೇಲ್ಪದರ ಹಾಳಾಗಿದೆ ಎಂದೇ ಲೆಕ್ಕ. ಬಿರುಕು ಕಂಡರೆ ಬಣ್ಣದ ಮಾತು ಬಿಡಿ, ಆ ತುಂಡನ್ನೇ ಬದಲಾಯಿಸಿ. ಪೆಡಸಾದ ಪೈಪಿಗೆ ಬಣ್ಣ ಮತ್ತೆ ಬಲ ಕೊಡುವುದಿಲ್ಲ.

ಸೋಪುನೀರಿನಲ್ಲಿ ತೊಳೆಯಿರಿ.

ಇನ್ನು ಉಜ್ಜುವ ಕೆಲಸ. ಕೆಡುವುದೆಲ್ಲ ಇಲ್ಲೇ. ಎಷ್ಟೋ ಜನ ಪುಡಿಯ ಮೇಲೆಯೇ ಬ್ರಷ್ ಆಡಿಸುತ್ತಾರೆ. ಬಣ್ಣ ಪುಡಿಗೆ ಅಂಟುತ್ತದೆ, ಪೈಪಿಗೆ ಅಂಟುವುದಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಹಪ್ಪಳದಂತೆ ಏಳುತ್ತದೆ. 220 ನಂಬರಿನ ವಾಟರ್‌ಪ್ರೂಫ್ ಎಮರಿ ಪೇಪರ್ ತನ್ನಿ, ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ನೀರಿನಲ್ಲಿ ಅದ್ದಿ ಉಜ್ಜಿ. ಜೋರು ಬೇಡ. ಹೊಳಪು ಹೋಗಿ ಒಂದೇ ಸಮ ಮಂಕಾದರೆ ಸಾಕು. ಗೋಡೆ ಕಡೆಯ ಬೆನ್ನಿಗೆ ಕೈ ಹೋಗುವುದಿಲ್ಲ ಅಲ್ವಾ? ಪಟ್ಟಿಯನ್ನು ಪೈಪಿನ ಹಿಂದಿನಿಂದ ತೂರಿಸಿ, ಎರಡೂ ತುದಿ ಹಿಡಿದು ಎಳೆದಾಡಿ. ಎಲ್ಬೋ ಸಂದು, ಕ್ಲಾಂಪಿನ ಅಕ್ಕಪಕ್ಕ ಬಿಡಬೇಡಿ. ಆಮೇಲೆ ಕಪ್ಪು ಬಟ್ಟೆ ಒದ್ದೆ ಮಾಡಿ ಒರೆಸಿ. ಬಿಳಿ ಬಟ್ಟೆಯಲ್ಲಿ ಪುಡಿ ಕಾಣಿಸುವುದೇ ಇಲ್ಲ. ಬಟ್ಟೆಗೆ ಏನೂ ಹತ್ತದಂತಾಗುವವರೆಗೆ ಹಿಂಡಿ ಹಿಂಡಿ ಒರೆಸಿ, ಪೂರ್ತಿ ಒಣಗಲು ಬಿಡಿ. ಬೇಗ ಆಗಲಿ ಅಂತ ಥಿನ್ನರ್, ಪೆಟ್ರೋಲ್ ಮುಟ್ಟಲೇಬೇಡಿ. ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿ ಪೈಪು ಅದರಿಂದ ಸೀಳುಬಿಡಬಹುದು.

ಬಣ್ಣ ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಕ್ಸ್‌ಟೀರಿಯರ್ ಎಮಲ್ಷನ್ನೇ ಆಗಿರಲಿ, ತಿಳಿಬಣ್ಣದ್ದು. ಅಂಗಡಿಯವರು ಎನಾಮೆಲ್ ತೋರಿಸಿದರೆ ಬೇಡ ಎನ್ನಿ. ರೂಮಿಗೆ ತಂದು ಉಳಿದ ಡಿಸ್ಟೆಂಪರ್ ಬಳಿದರೆ ಸುಮ್ನೆ ಶ್ರಮ ದಂಡ, ಮಳೆಗೆ ತೊಳೆದು ಹೋಗುತ್ತದೆ. ಸ್ಕೂಟರಿನ ಕಪ್ಪು ಪ್ಲಾಸ್ಟಿಕ್ಕಿಗೆಂದು ಮಾರುವ ಅಗ್ಗದ ಸಿಲಿಕೋನ್ ಸ್ಪ್ರೇಯಂತೂ ಬರೀ ಮಿಂಚು, ನನಗೆ ನಂಬಿಕೆಯಿಲ್ಲ. ತೆಳುವಾಗಿ ಎರಡು ಕೋಟ್. ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಮಟಮಟ ಮಧ್ಯಾಹ್ನ ಬೇಡ, ಬ್ರಷ್ ಎತ್ತುವ ಮೊದಲೇ ಒಣಗಿ ಗೆರೆ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಸಂಜೆ ಮಳೆಯ ಕಾಟ. ಜನವರಿ, ಫೆಬ್ರವರಿಯ ಬೆಳಗ್ಗೆಯೇ ಒಳ್ಳೆಯದು. ವಾಲ್ವ್ ಹಿಡಿಗೆ ಬಣ್ಣ ಹತ್ತಿಸಬೇಡಿ, ಅಂಟಿ ಕೂರುತ್ತದೆ.

ಕಪ್ಪು ಟ್ಯಾಂಕಿನ ತಂಟೆಗೆ ಹೋಗಬೇಡಿ. ಅದರ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿರುವ ಇಂಗಾಲದ ಪುಡಿಯೇ ಬಿಸಿಲನ್ನು ತಡೆಯುತ್ತದೆ. ಸೋಲಾರ್ ಪೈಪಿನ ಮೇಲಿನ ಕಪ್ಪು ಫೋಮ್ ಮಾತ್ರ ಬಿಸಿಲಿಗೆ ಪುಡಿಪುಡಿಯಾಗಿ ಉದುರುತ್ತದೆ. ಹೊಸ ಫೋಮ್ ಹಾಕಿದ ದಿನವೇ ಅಲ್ಯೂಮಿನಿಯಂ ಟೇಪು ಸುತ್ತಿ. ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾ ಹೋದರೆ ಮಳೆನೀರು ಪದರದೊಳಕ್ಕೆ ಇಳಿಯುವುದಿಲ್ಲ.